ಸುಣ್ಣದ ಗೆರೆಯ ಒಳಗಿನ ಮಾತು

ನಾನು ಪಿ.ಟಿ. ಟೀಚರ್. ಹೀಗೆ ಹೇಳಿದ ಕೂಡಲೇ ಎದುರಿಗಿದ್ದವರ ಮುಖದಲ್ಲಿ ಒಂದು ಸಣ್ಣ ನಗು ಬಂದು ಹೋಗುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತವರು "ಯಾವ ಸಬ್ಜೆಕ್ಟ್?" ಎಂದು ಕೇಳುತ್ತಾರೆ. ಉತ್ತರ ಕೇಳಿದ ಮೇಲೆ "ಓ, ಆಟ ಆಡಿಸುವುದಾ? ನಿಮ್ಮದು ಆರಾಮ ಬಿಡಿ" ಎಂದು ಬಡಿಸುವವನ ಕಡೆ ತಿರುಗುತ್ತಾರೆ. ಮೊದಲೆಲ್ಲ ನನಗೆ ಮೈ ಉರಿಯುತ್ತಿತ್ತು. ನನ್ನ ಸಿಟ್ಟು ಯಾವತ್ತೂ ಮೂಗಿನ ತುದಿಯಲ್ಲೇ ಇರುವಂಥದ್ದು, ಅದನ್ನು ನಮ್ಮ ಮನೆಯವರೆಲ್ಲ ಬಲ್ಲರು. ಈಗ ಮಾತ್ರ ಎಲೆಯ ಮೇಲಿನ ಅನ್ನ ಕಲಸುತ್ತಲೇ ಹೇಳುತ್ತೇನೆ: ಹೌದು, ಆಟ ಆಡಿಸುವುದೇ. ಅದೇನು ಸಣ್ಣ ಕೆಲಸವಲ್ಲ.

ನಮ್ಮ ಶಾಲೆ ಇರುವುದು ಮಂಗಳೂರಿನ ಪಡೀಲಿನಿಂದ ಸ್ವಲ್ಪ ಒಳಗೆ, ಗುಡ್ಡೆಯನ್ನು ಕಡಿದು ಮಟ್ಟ ಮಾಡಿದ ಜಾಗದಲ್ಲಿ. ಆಟದ ಮೈದಾನದ ಒಂದು ಬದಿಗೆ ಕೆಂಪುಕಲ್ಲಿನ ಗೋಡೆ, ಇನ್ನೊಂದು ಬದಿಗೆ ಮೆಟ್ಟಿಲುಗಳು. ಮೆಟ್ಟಿಲು ಹತ್ತಿದರೆ ಆಫೀಸು. ಆಫೀಸಿನ ಕಿಟಕಿ ತೆರೆದುಕೊಳ್ಳುವುದು ನೇರ ಮೈದಾನದ ಮೇಲೆ. ಅಲ್ಲಿ ಕುಳಿತುಕೊಳ್ಳುವವರು ನಮ್ಮ ಹೆಡ್‌ಮಿಸ್ಟ್ರೆಸ್. ಮೂರು ದಶಕ ಇಂಗ್ಲಿಷ್ ಕಲಿಸಿದವರು, ಸೀರೆಯ ನೆರಿಗೆ ಬೆಳಗ್ಗೆ ಹೇಗಿತ್ತೋ ಸಂಜೆಯೂ ಹಾಗೇ ಇರುವವರು. ಅವರು ಮಕ್ಕಳೊಂದಿಗೆ ಇಂಗ್ಲಿಷ್, ನಮ್ಮೊಂದಿಗೆ ಕನ್ನಡ, ಮನೆಗೆ ಫೋನ್ ಮಾಡುವಾಗ ಬಾಗಿಲು ಸ್ವಲ್ಪ ಮುಂದೆ ಮಾಡಿ ತುಳು ಮಾತಾಡುತ್ತಿದ್ದರು.

ಶಾಲೆಯ ದೊಡ್ಡ ನಿಯಮವೂ ಅವರದ್ದೇ: ಗೇಟಿನ ಒಳಗೆ ಮಕ್ಕಳಿಗೆ ಇಂಗ್ಲಿಷ್ ಮಾತ್ರ. ತುಳುವೋ ಕೊಂಕಣಿಯೋ ಬ್ಯಾರಿಯೋ ಬಾಯಿಗೆ ಬಂದರೆ ಕ್ಲಾಸಿನ ಮಾನಿಟರ್ ಹೆಸರು ಹೇಳುತ್ತಾಳೆ, ಹೆಸರು ಬಂದವಳು ಮುಂದಿನ ಪೀರಿಯಡ್ ಹೊರಗೆ ನಿಲ್ಲುತ್ತಾಳೆ. ಇದರಲ್ಲಿ ಅವರನ್ನು ನಾನು ದೂರುವುದಿಲ್ಲ. ಗಲ್ಫಿನಲ್ಲಿ ದುಡಿಯುವ ಅಪ್ಪಂದಿರು, ಅಂಗಡಿ ನಡೆಸುವ ಅಮ್ಮಂದಿರು ಮಕ್ಕಳನ್ನು ಅಲ್ಲಿಗೆ ಕಳಿಸುತ್ತಿದ್ದದ್ದೇ ಆ ಇಂಗ್ಲಿಷಿಗಾಗಿ.

ನಾನು ಕಾಲೇಜಿನಲ್ಲಿ ಕಲಿತು ಬಂದದ್ದು ಸಾಲಿನ ವಿದ್ಯೆ. ಬಾಲ್ ಹಿಡಿಯುವುದನ್ನು ಕಲಿಸಬೇಕಾದರೆ ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು, ಒಬ್ಬೊಬ್ಬರಿಗೇ ಎಸೆಯುವುದು, ಹಿಡಿದವಳನ್ನು ಸಾಲಿನ ಹಿಂದಕ್ಕೆ ಕಳಿಸುವುದು. ಇಡೀ ಪೀರಿಯಡ್ಡಿನಲ್ಲಿ ಒಬ್ಬಳ ಕೈಗೆ ಬಾಲ್ ಬರುವುದು ಒಂದೆರಡು ಸಲ. ಉಳಿದ ಹೊತ್ತು ಅವಳು ಮುಂದಿನವಳ ಜಡೆ ನೋಡುತ್ತಾ ನಿಲ್ಲಬೇಕು. "ಆಟ ಯಾವಾಗ ಟೀಚರ್?" ಎಂದು ಕೇಳಿದರೆ "ಮೊದಲು ಹಿಡಿಯಲು ಕಲಿಯಿರಿ, ಆಮೇಲೆ ಆಟ" ಎನ್ನುತ್ತಿದ್ದೆ. ಆ 'ಆಮೇಲೆ' ಬರುವಷ್ಟರಲ್ಲಿ ಬೆಲ್ ಹೊಡೆದಿರುತ್ತಿತ್ತು.

ಹಾಗಂತ ಡ್ರಿಲ್ ಎಂದರೆ ನನಗೆ ತಾತ್ಸಾರವೇನಿಲ್ಲ. ವಾರ್ಷಿಕೋತ್ಸವಕ್ಕೆ ನಾನು ಮಾಡಿಸಿದ ಡ್ರಿಲ್ ನೋಡಿ ಇಡೀ ಮೈದಾನ ಚಪ್ಪಾಳೆ ತಟ್ಟಿದೆ. ಒಂದು ವಿಸಿಲಿಗೆ ಎಲ್ಲರ ಕೈ ಒಟ್ಟಿಗೆ ಮೇಲೆ ಹೋಗುವುದು ನೋಡಲು ಚಂದವೇ. ಅದನ್ನು ಮಾಡಿಸಲು ಬಾರದವಳು ಅಂತ ಯಾರೂ ನನ್ನನ್ನು ಹೇಳುವಂತಿಲ್ಲ.

ಒಂದು ರಜೆಯಲ್ಲಿ ನಮ್ಮಂಥ ದೈಹಿಕ ಶಿಕ್ಷಕರಿಗೆಲ್ಲ ತರಬೇತಿ ಇಟ್ಟಿದ್ದರು. ಅಲ್ಲಿ ನಮ್ಮನ್ನೇ ಮಕ್ಕಳಂತೆ ಆಡಿಸಿದರು. ಸಾಲು ಇಲ್ಲ, ಬಂದ ಕೂಡಲೇ ಆಟ. ನಡುವೆ ವಿಸಿಲ್ ಊದಿದರೆ ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ಆಗ ಒಂದು ಪ್ರಶ್ನೆ: ಬಾಲ್ ಈಗ ಯಾಕೆ ಕೈತಪ್ಪಿತು? ಉತ್ತರವನ್ನು ಟೀಚರ್ ಹೇಳುವ ಹಾಗಿಲ್ಲ, ಆಡಿದವರೇ ಹುಡುಕಬೇಕು. ಆಮೇಲೆ ಎರಡನೇ ಪ್ರಶ್ನೆ: ಮತ್ತೆ ಏನು ಮಾಡಬೇಕು? ಉತ್ತರ ಬಾರದಿದ್ದರೆ ಬಯ್ಯಬಾರದು, ಆಟದ ಒಂದು ನಿಯಮ ಬದಲಿಸಬೇಕು. ಅಂಗಳ ಚಿಕ್ಕದು ಮಾಡು, ಆಳು ಕಡಿಮೆ ಮಾಡು, ಏನಾದರೂ ಮಾಡು. ಆಟವೇ ಅವರಿಗೆ ಉತ್ತರ ತೋರಿಸಬೇಕು.

ಅಲ್ಲಿದ್ದ ಅರ್ಧ ಜನ ಚಾ ಕುಡಿಯುವಾಗ ಇದನ್ನು ಗೇಲಿ ಮಾಡಿದರು. ನನಗೆ ಮಾತ್ರ ಅದು ತಲೆಗೆ ಹತ್ತಿತು. ಯಾಕೆಂದರೆ ನಾನು ಆಡಲು ಕಲಿತದ್ದೂ ಹಾಗೆಯೇ. ನಮ್ಮದು ಬೇಸಾಯದ ಕುಟುಂಬ, ಕೊಯ್ಲಾದ ಗದ್ದೆಯೇ ನಮ್ಮ ಮೈದಾನ. ಲಗೋರಿ ಆಡುವಾಗ ಯಾರೂ ನಮ್ಮನ್ನು ಸಾಲಿನಲ್ಲಿ ನಿಲ್ಲಿಸಿ ಕಲ್ಲು ಪೇರಿಸುವುದನ್ನು ಅಭ್ಯಾಸ ಮಾಡಿಸಿರಲಿಲ್ಲ. ಬೆನ್ನಿಗೆ ಚೆಂಡಿನ ಪೆಟ್ಟು ಬೀಳುತ್ತಿತ್ತು, ಮುಂದಿನ ಸಲ ಎಲ್ಲಿ ನಿಲ್ಲಬಾರದು ಎಂದು ಬೆನ್ನೇ ಹೇಳುತ್ತಿತ್ತು.

ಆ ವರ್ಷ ಎಂಟನೇ ತರಗತಿಯ ಹುಡುಗಿಯರೊಂದಿಗೆ ಶುರು ಮಾಡಿದೆ. ಸುಣ್ಣದ ಪುಡಿಯಲ್ಲಿ ಅಂಗಳ ಎಳೆದೆ, ಎರಡೂ ತುದಿಗೆ ಒಂದೊಂದು ವೃತ್ತ. ವೃತ್ತದ ಒಳಗೆ ಆಯಾ ತಂಡದ ಒಬ್ಬಳು ನಿಂತಿರುತ್ತಾಳೆ. ಬಾಲ್ ಹಿಡಿದವಳು ಓಡುವ ಹಾಗಿಲ್ಲ, ಎಸೆಯಬೇಕು. ಎಸೆದು ಎಸೆದು ತಮ್ಮ ವೃತ್ತದವಳ ಕೈಗೆ ಮುಟ್ಟಿಸಿದರೆ ಪಾಯಿಂಟ್. ಇಷ್ಟೇ ಆಟ. ಅಂಥ ಎರಡು ಅಂಗಳ ಒಟ್ಟಿಗೆ ನಡೆದರೆ, ಸುಮ್ಮನೆ ನಿಲ್ಲುವವರು ಬಹಳ ಕಡಿಮೆ.

ಆದರೆ ಆಟ ಸಾಗಲೇ ಇಲ್ಲ. ಬಾಲ್ ಸಿಕ್ಕಿದವಳು ಅದನ್ನು ಎದೆಗೆ ಅವುಚಿಕೊಂಡು ಅತ್ತ ಇತ್ತ ನೋಡುತ್ತಿದ್ದಳು. ಖಾಲಿ ಜಾಗದಲ್ಲಿ ನಿಂತ ಗೆಳತಿ ಕೈ ಮಾತ್ರ ಎತ್ತುತ್ತಿದ್ದಳು, ಇಲ್ಲವಾದರೆ ಗುಬ್ಬಿಯ ಹಾಗೆ "ಹಿಯರ್, ಹಿಯರ್" ಎನ್ನುತ್ತಿದ್ದಳು. ಅಷ್ಟರಲ್ಲಿ ಎದುರಾಳಿ ಬಂದು ಅಡ್ಡ ನಿಂತಾಗಿರುತ್ತಿತ್ತು. ವಿಸಿಲ್ ಊದಿ ಯಾಕೆ ಎಂದು ಕೇಳಿದರೆ ಎಲ್ಲರೂ ತಮ್ಮ ಶೂ ನೋಡುತ್ತಿದ್ದರು. ಇವರಿಗೆ ಖಾಲಿ ಜಾಗ ಕಾಣುವುದಿಲ್ಲ ಎಂದು ನಾನು ತಿಳಿದೆ. ಅಂಗಳ ದೊಡ್ಡದು ಮಾಡಿದೆ, ಬಾಲ್ ಹಗುರದ್ದು ತಂದೆ, ಆಳು ಕಡಿಮೆ ಮಾಡಿದೆ. ಯಾವುದೂ ನಾಟಲಿಲ್ಲ.

ಉತ್ತರ ಸಿಕ್ಕಿದ್ದು ಸಿಟಿ ಬಸ್ಸಿನಲ್ಲಿ. ಆ ಸಂಜೆ ನನಗೆ ಹಲ್ಲುನೋವು, ಫಳ್ನೀರಿನ ಡಾಕ್ಟರ ಹತ್ತಿರ ಹೊರಟಿದ್ದೆ. ಪಡೀಲಿನಲ್ಲಿ ಬಸ್ಸು ಹತ್ತಿದಾಗ ಕಾಲಿಡಲು ಜಾಗವಿಲ್ಲ. ಕಂಡಕ್ಟರ್ "ದುಂಬು ಪೋಲೆ, ದುಂಬು ಪೋಲೆ" ಎಂದು ಎಲ್ಲರನ್ನೂ ಮುಂದೆ ತಳ್ಳುತ್ತಿದ್ದ. ನನ್ನ ಹಿಂದೆಯೇ ಅದೇ ಎಂಟನೇ ಕ್ಲಾಸಿನ ನಾಲ್ಕೈದು ಹುಡುಗಿಯರು ಹತ್ತಿದರು. ನನ್ನನ್ನು ಅವರು ನೋಡಲಿಲ್ಲ. ಒಬ್ಬಳು ಜನರ ಕಂಕುಳಡಿಯಲ್ಲಿ ನುಗ್ಗಿ ಮುಂದೆ ಹೋದಳು. ಮರುಕ್ಷಣವೇ ಅಲ್ಲಿಂದ ತುಳುವಿನಲ್ಲಿ ಬೊಬ್ಬೆ: "ಎದುರು ಸೀಟ್ ಉಂಡು, ಬೇಗ ಬಲೆ!" ಮುಂದೆ ಸೀಟಿದೆ, ಬೇಗ ಬನ್ನಿ ಎಂದು. ಹಿಂದಿನವಳು ತಡಮಾಡಲಿಲ್ಲ. ತನ್ನ ಬ್ಯಾಗನ್ನು ಒಬ್ಬ ಹೆಂಗಸಿನ ತಲೆಯ ಮೇಲಿಂದ ಎಸೆದಳು. ಮುಂದಿನವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಸೀಟಿನ ಮೇಲೆ ಇಟ್ಟಳು. ಸೀಟು ಅವರದ್ದಾಯಿತು.

ಆ ಬ್ಯಾಗು ಹಿಡಿದವಳು ನನ್ನ ಪೀರಿಯಡ್ಡಿನಲ್ಲಿ ಬಾಲ್ ಬಂದರೆ ಕಣ್ಣು ಮುಚ್ಚುತ್ತಿದ್ದವಳು! ಹಲ್ಲುನೋವಿನಲ್ಲೂ ನಾನು ನಕ್ಕುಬಿಟ್ಟೆ. ಇವರಿಗೆ ಖಾಲಿ ಜಾಗ ಕಾಣುತ್ತದೆ. ಎಸೆಯಲು ಬರುತ್ತದೆ, ಹಿಡಿಯಲೂ ಬರುತ್ತದೆ. ಗೇಟಿನ ಒಳಗೆ ಬಂದ ಮೇಲೆ ಬಾಯಿ ಕಟ್ಟಿಹೋಗುತ್ತದೆ, ಅಷ್ಟೆ. ಮನಸ್ಸಿಗೆ ಬಂದ ಮಾತನ್ನು ಒಳಗೇ ಇಂಗ್ಲಿಷ್ ಮಾಡಿ, ತಪ್ಪಿಲ್ಲ ಎಂದು ಖಾತ್ರಿ ಮಾಡಿಕೊಂಡು ಹೊರಗೆ ಹಾಕುವಷ್ಟರಲ್ಲಿ ಆಟ ಮುಂದೆ ಹೋಗಿರುತ್ತದೆ. ಬಾಯಿಯ ಹಿಂದೆಯೇ ಕಾಲೂ ನಿಲ್ಲುತ್ತದೆ.

ಮರುದಿನ ಸುಣ್ಣದ ಗೆರೆ ತೋರಿಸಿ ಹೇಳಿದೆ: "ಈ ಗೆರೆಯ ಒಳಗೆ ಯಾವ ಭಾಷೆಯಲ್ಲಿ ಬೇಕಾದರೂ ಕೂಗಬಹುದು. ಗೆರೆ ದಾಟಿದರೆ ಶಾಲೆಯ ನಿಯಮ."

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. "ಮಾನಿಟರ್ ಹೆಸರು ಹೇಳಿದ್ರೆ ಟೀಚರ್?"

"ಮೊದಲು ನನ್ನ ಹೆಸರು ಹೇಳ್ಲಿ. ನಾನೇ ಹೊರಗೆ ನಿಲ್ತೇನೆ."

ಮಾನಿಟರ್ ಕೂಡ ಆಡುವವರಲ್ಲೇ ಇದ್ದಳು. ಮೊದಲು ಬೊಬ್ಬೆ ಹಾಕಿದವಳು ಅವಳೇ, ಅದೂ ಕೊಂಕಣಿಯಲ್ಲಿ. ಆಮೇಲೆ ತುಳು ಬಂತು, ಬ್ಯಾರಿ ಬಂತು, ಕನ್ನಡ ಬಂತು. ಒಬ್ಬಳು ಕೊಂಕಣಿಯಲ್ಲಿ ಕರೆದರೆ ಬ್ಯಾರಿಯವಳು ಎಸೆಯುತ್ತಿದ್ದಳು, ತುಳುವಿನವಳು ಹಿಡಿಯುತ್ತಿದ್ದಳು. ಯಾರಿಗೂ ಯಾವುದೂ ಅರ್ಥವಾಗದೆ ಹೋಗಲಿಲ್ಲ. ಮಂಗಳೂರಿನ ಮಕ್ಕಳಿಗೆ ಇದನ್ನೆಲ್ಲ ಯಾರಾದರೂ ಕಲಿಸಬೇಕೆ?

ಅದಕ್ಕಿಂತ ದೊಡ್ಡ ಸಂತೋಷ ವಿಸಿಲಿನ ನಂತರದ್ದು. ನಾನು ಆಟ ನಿಲ್ಲಿಸಿ ಕೇಳಿದೆ: "ಈಗ ಬಾಲ್ ಯಾಕೆ ಸಿಕ್ಕಲಿಲ್ಲ?"

"ನಾನು ಅವಳ ಹಿಂದೆ ನಿಂತದ್ದು ಟೀಚರ್. ಎಸೆಯುವವಳಿಗೆ ನಾನು ಕಾಣುವುದೇ ಇಲ್ಲ."

"ಮತ್ತೆ ಎಂತ ಮಾಡ್ಬೇಕು?"

"ಬದಿಗೆ ಹೋಗ್ಬೇಕು."

"ಯಾವಾಗ?"

ಅವಳು ತಲೆ ಕೆರೆದುಕೊಂಡಳು. "ಬಾಲ್ ಬರುವ ಮೊದಲೇ."

ಈ ಒಂದು ಮಾತು ಸಾಲಿನಲ್ಲಿ ನಿಲ್ಲಿಸಿದರೆ ವರ್ಷವಾದರೂ ಹುಟ್ಟುವಂಥದ್ದಲ್ಲ. ನಾನು ಹೇಳಿಕೊಟ್ಟದ್ದೂ ಅಲ್ಲ. ಹದಿಮೂರು ವರ್ಷದ ಹುಡುಗಿ ತಾನೇ ಕಂಡುಕೊಂಡದ್ದು. ಆ ದಿನ ನನಗಾದ ಹೆಮ್ಮೆಯನ್ನು ಯಾವ ಡ್ರಿಲ್ಲಿನ ಚಪ್ಪಾಳೆಯೂ ನನಗೆ ಕೊಟ್ಟಿರಲಿಲ್ಲ.

ಆದರೆ ಆಫೀಸಿನ ಕಿಟಕಿ ಇತ್ತಲ್ಲ. ಎರಡು ವಾರವೂ ಆಗಿರಲಿಕ್ಕಿಲ್ಲ, ಕರೆ ಬಂತು.

"ಇದು ಎಂತ ಟೀಚರ್? ಮೀನು ಮಾರ್ಕೆಟಾ?" ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು.

"ಆಟ ಮೇಡಂ."

"ಆಟ ಅಂತ ನನಗೂ ಗೊತ್ತುಂಟು. ಬೊಬ್ಬೆ ಯಾಕೆ? ಅದೂ ತುಳು, ಕೊಂಕಣಿ, ಬ್ಯಾರಿ ಎಲ್ಲ ಸೇರಿಸಿ. ನಿನ್ನೆ ಒಬ್ಬರು ಪೇರೆಂಟ್ ಗೇಟಿನ ಹತ್ತಿರ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದಾರೆ. ಮಗಳನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿದ್ದು ಇದಕ್ಕಾ ಅಂತ ನನ್ನ ಹತ್ತಿರ ಬಂದು ಹೇಳಿದ್ರು. ನಾನು ಎಂತ ಉತ್ತರ ಕೊಡ್ಬೇಕು?"

"ಕೂಗದೆ ಈ ಆಟ ಆಗುವುದಿಲ್ಲ ಮೇಡಂ."

"ಕೂಗ್ಲಿ. ಇಂಗ್ಲಿಷಿನಲ್ಲಿ ಕೂಗ್ಲಿ."

"ಇಂಗ್ಲಿಷ್ ಬಾಯಿಗೆ ಬರುವಷ್ಟರಲ್ಲಿ ಬಾಲ್ ಹೋಗಿ ಆಗಿರ್ತದೆ."

ಅವರಿಗೆ ಈ ಉತ್ತರ ಹಿಡಿಸಲಿಲ್ಲ. ನನ್ನ ಸ್ವರವೂ ಸ್ವಲ್ಪ ಏರಿತ್ತೆಂದು ಕಾಣುತ್ತದೆ. ಅವರು ಸಮಾಧಾನದಿಂದಲೇ ಹೇಳಿದರು: "ನೋಡಿ ಟೀಚರ್, ಮ್ಯಾಥ್ಸಿನವರು ಎಂಟನೇ ಕ್ಲಾಸಿಗೆ ಇನ್ನೊಂದು ಪೀರಿಯಡ್ ಕೇಳ್ತಾ ಇದ್ದಾರೆ. ನಿಮ್ಮದು ಒಂದನ್ನು ಅವರಿಗೆ ಕೊಡ್ತೇನೆ. ಇನ್ನೊಂದನ್ನು ನಮ್ಮ ಸೀನಿಯರ್ ಪಿ.ಟಿ. ಮಾಸ್ಟ್ರಿಗೆ ಕೊಟ್ಟರೆ ಅವರು ಸದ್ದಿಲ್ಲದೆ ಡ್ರಿಲ್ ಮಾಡಿಸ್ತಾರೆ. ಆದರೆ ನೋಡದೆ ತೀರ್ಮಾನ ಮಾಡ್ಲಿಕ್ಕೆ ಇಲ್ಲ. ಶುಕ್ರವಾರ ನಾನೇ ಗ್ರೌಂಡಿಗೆ ಬರ್ತೇನೆ."

ಅಂದರೆ ಶುಕ್ರವಾರದ ಆ ಒಂದು ಪೀರಿಯಡ್ಡಿನಲ್ಲಿ ನನ್ನ ಹುಡುಗಿಯರ ಆಟ ಉಳಿಯಬೇಕು, ಇಲ್ಲವೇ ಹೋಗಬೇಕು. ಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಆಮೇಲೆ ಯೋಚಿಸಿದೆ. ನೋಡದೆ ತೀರ್ಮಾನ ಮಾಡುವುದಿಲ್ಲ ಎಂದರಲ್ಲ, ಎಷ್ಟು ಜನ ಹಾಗೆ ಹೇಳುತ್ತಾರೆ? ಅಷ್ಟರ ಮಟ್ಟಿಗೆ ಅವರು ದೊಡ್ಡವರೇ.

ಶುಕ್ರವಾರ ಬಾದಾಮಿ ಮರದ ಅಡಿಯಲ್ಲಿ ಕುರ್ಚಿ ಹಾಕಿಸಿದೆ. ಮೇಡಂ ಬಂದು ಕುಳಿತರು. ಹುಡುಗಿಯರು ಅಂಗಳಕ್ಕೆ ಇಳಿದರು, ನಾನು ವಿಸಿಲ್ ಊದಿದೆ. ಊದಿದ ಕೂಡಲೇ ನನಗೆ ಗೊತ್ತಾಯಿತು, ಕೆಟ್ಟಿತು ಕೆಲಸ ಎಂದು. ಒಬ್ಬಳ ಬಾಯಿಂದಲೂ ಸ್ವರವಿಲ್ಲ. ಹಿಂದಿನ ಸಲದ ಆಟದಲ್ಲಿ ಗಂಟಲು ಹರಿದುಕೊಂಡವರೆಲ್ಲ ಮತ್ತೆ ಕೈ ಎತ್ತಿ ನಿಂತಿದ್ದರು. ಒಬ್ಬಳಂತೂ ಕುರ್ಚಿಯ ಕಡೆ ಕಣ್ಣಿಟ್ಟು "ಎಕ್ಸ್‌ಕ್ಯೂಸ್ ಮಿ, ಬಾಲ್ ಪ್ಲೀಸ್" ಎಂದಳು. ಅಂಗಡಿಯಲ್ಲಿ ಸಾಮಾನು ಕೇಳುವ ಹಾಗೆ! ಬಾಲ್ ಎದುರಾಳಿಯ ಕೈಗೆ ಹೋಯಿತು. ಅವಳೂ ಅದನ್ನು ಎದೆಗೆ ಅವುಚಿಕೊಂಡು ನಿಂತಳು. ಬಜಪೆಗೆ ಇಳಿಯುವ ವಿಮಾನವೊಂದು ಮೇಲೆ ಹೋಯಿತು, ಆ ಸದ್ದೊಂದೇ ಮೈದಾನದಲ್ಲಿ.

ಮೇಡಂ ವಾಚ್ ನೋಡಿಕೊಂಡರು. ಒಂದು ವಿಸಿಲ್ ಊದಿ ಸಾಲು ಮಾಡಿಸಿದರೆ ಚಂದದ ಡ್ರಿಲ್ ತೋರಿಸಬಹುದಿತ್ತು, ಅವರೂ ಮೆಚ್ಚಿ ಏಳುತ್ತಿದ್ದರು. ಹುಡುಗಿಯರಿಗೆ "ಹೆದರಬೇಡಿ, ಕೂಗಿ" ಎಂದು ಹೇಳಬಹುದಿತ್ತು. ಆದರೆ ಹೆದರಬೇಡ ಎಂದರೆ ಹೆದರಿಕೆ ಹೋಗುತ್ತದೆಯೇ? ನನ್ನ ಕೈಯಲ್ಲಿ ಉಳಿದದ್ದು ಒಂದೇ. ಉತ್ತರ ಬಾರದಿದ್ದರೆ ಬಯ್ಯಬಾರದು, ನಿಯಮ ಬದಲಿಸಬೇಕು.

ಆಟ ನಿಲ್ಲಿಸಿ ಹೇಳಿದೆ: "ಹೊಸ ನಿಯಮ. ಕರೆದವರಿಗೆ ಮಾತ್ರ ಬಾಲ್ ಎಸೆಯಬೇಕು. ಬಾಯಿ ತೆರೆಯದವರಿಗೆ ಎಸೆದರೆ ಬಾಲ್ ಎದುರು ತಂಡಕ್ಕೆ." ಆಮೇಲೆ ಕುರ್ಚಿಯ ಹತ್ತಿರ ಹೋದೆ. ಮುಂದಿನ ಮಾತು ಹೇಗೆ ಬಾಯಿಗೆ ಬಂತೋ, ಈಗಲೂ ಗೊತ್ತಿಲ್ಲ. "ಮೇಡಂ, ಒಂದು ವೃತ್ತಕ್ಕೆ ನೀವು ಬರ್ಬೇಕು."

"ನಾನಾ? ನಾನು ನೋಡ್ಲಿಕ್ಕೆ ಬಂದದ್ದಲ್ವಾ?"

"ಒಳಗಿನಿಂದ ನೋಡಿದ್ರೆ ಸರಿ ಕಾಣ್ತದೆ ಮೇಡಂ."

ಮೇಡಂ ನನ್ನನ್ನು ದಿಟ್ಟಿಸಿ ನೋಡಿದರು. ಇವತ್ತೇ ರಾಜೀನಾಮೆ ಬರೆಯಬೇಕಾದೀತು ಎಂದುಕೊಂಡೆ. ಅವರು ಎದ್ದರು, ಚಪ್ಪಲಿಯನ್ನು ಗೆರೆಯ ಹೊರಗೆ ಬಿಟ್ಟರು, ಸೆರಗು ಸೊಂಟಕ್ಕೆ ಸಿಕ್ಕಿಸಿ ವೃತ್ತದ ಒಳಗೆ ಹೋಗಿ ನಿಂತರು. ಆ ನಿಲುವಿನಲ್ಲಿ ಸ್ವಲ್ಪವೂ ಸಂಕೋಚವಿರಲಿಲ್ಲ.

ಆಟ ಶುರುವಾಯಿತು. ಅವರ ತಂಡದ ಹುಡುಗಿಗೆ ಬಾಲ್ ಸಿಕ್ಕಿತು, ವೃತ್ತದ ಎದುರು ಯಾರೂ ಇರಲಿಲ್ಲ. ಮೇಡಂ ಗಂಟಲು ಸರಿಪಡಿಸಿಕೊಂಡು "ಪ್ಲೀಸ್ ಪಾಸ್ ದ ಬಾಲ್ ಟು ಮಿ, ಚಿಲ್ಡ್ರನ್" ಎಂದರು. ತಪ್ಪಿಲ್ಲದ ವಾಕ್ಯ. ಅದು ಮುಗಿಯುವಾಗ ಎದುರಾಳಿ ಅಡ್ಡ ಬಂದು ನಿಂತಾಗಿತ್ತು. ಇನ್ನೊಮ್ಮೆ ಅವಕಾಶ ಬಂತು. ಈ ಸಲ ವಾಕ್ಯ ಸ್ವಲ್ಪ ಗಿಡ್ಡವಾಯಿತು, ಆದರೂ ತಡವಾಯಿತು. ಮೇಡಂ ಹುಬ್ಬು ಗಂಟಿಕ್ಕಿದರು. ಅವರಿಗೆ ಸೋಲುವುದು ಇಷ್ಟವಿಲ್ಲ ಎಂಬುದು ಶಾಲೆಗೇ ಗೊತ್ತು, ಅದು ಆಟದಲ್ಲೂ ನಿಜ ಎಂಬುದು ನನಗೆ ಆಗ ಗೊತ್ತಾಯಿತು. ಮೂರನೆಯ ಸಲ ಬಾಲ್ ಅಂಗಳದ ಮಧ್ಯದಲ್ಲಿ ಅವರ ತಂಡದವಳ ಕೈಯಲ್ಲಿತ್ತು, ಎದುರಾಳಿ ಇನ್ನೂ ಓಡಿಬರುತ್ತಿದ್ದಳು. ಆಗ ಬಂತು, ಮೈದಾನದ ಗೋಡೆಗೆ ಬಡಿದು ವಾಪಸು ಬರುವಂಥ ಸ್ವರ: "ಏ! ಇಂಚಿ ದಕ್ಕ್!"

ಇತ್ತ ಎಸೆ ಎಂದು ತುಳುವಿನಲ್ಲಿ. ಬಾಲ್ ಹಾರಿ ಬಂತು. ಮೇಡಂ ಎರಡೂ ಕೈಯಲ್ಲಿ ಹಿಡಿದರು.

ಹುಡುಗಿಯರು ಹಾಕಿದ ಬೊಬ್ಬೆಗೆ ಮೇಲಿನ ತರಗತಿಗಳ ಕಿಟಕಿಗಳಲ್ಲೆಲ್ಲ ತಲೆಗಳು ಕಂಡವು. ನಾನು ವಿಸಿಲ್ ಊದಿದೆ. ಎಲ್ಲರೂ ಇದ್ದಲ್ಲೇ ನಿಂತರು, ಮೇಡಂ ಕೂಡ. ನಾನು ಪ್ರತಿ ಸಲ ಮಾಡುವುದನ್ನೇ ಮಾಡಿದೆ. ಆಡಿದವರನ್ನು ಕೇಳಿದೆ.

"ಮೇಡಂ, ಈಗ ಬಾಲ್ ಯಾಕೆ ಸಿಕ್ಕಿತು?"

ಇದು ಅಹಂಕಾರವೇ? ಇರಬಹುದು. ಆದರೆ ಅಂಗಳದ ಒಳಗೆ ಬಂದವರನ್ನು ಕೇಳದೆ ಬಿಟ್ಟರೆ ನಾನು ಹುಡುಗಿಯರಿಗೆ ಕಲಿಸಿದ್ದು ಸುಳ್ಳಾಗುತ್ತಿತ್ತು. ಮೇಡಂ ಉತ್ತರಕ್ಕೆ ಅವಸರ ಮಾಡಲಿಲ್ಲ. ಬಾಲನ್ನು ಸೊಂಟಕ್ಕೆ ಒತ್ತಿ ಹಿಡಿದು, ನಿಜವಾಗಿಯೂ ಯೋಚಿಸಿದರು.

"ಮೊದಲು ನಾನು ಸರಿಯಾಗಿ ಹೇಳ್ಬೇಕು ಅಂತ ಯೋಚನೆ ಮಾಡಿದೆ," ಎಂದರು. "ಈ ಸಲ ನನಗೆ ಬಾಲ್ ಬೇಕು ಅಂತ ಮಾತ್ರ ಇತ್ತು."

ನನ್ನ ಕಣ್ಣಲ್ಲಿ ನೀರು ಬಂದದ್ದು ಯಾರಿಗೂ ಕಾಣದ ಹಾಗೆ ಕ್ಯಾಪ್ ಕೆಳಗೆ ಎಳೆದುಕೊಂಡೆ. ನಾನು ಎಷ್ಟೋ ದಿನ ತಲೆ ಕೆಡಿಸಿಕೊಂಡು ಕಂಡದ್ದನ್ನು ಆಟ ಅವರಿಗೆ ಒಂದೇ ಪೀರಿಯಡ್ಡಿನಲ್ಲಿ ತೋರಿಸಿತ್ತು. ಎರಡನೇ ಪ್ರಶ್ನೆ ಇನ್ನೂ ಉಳಿದಿತ್ತು. ಅದನ್ನೂ ಕೇಳಿದೆ: "ಮತ್ತೆ ಎಂತ ಮಾಡ್ಬೇಕು ಮೇಡಂ?"

ಅವರು ಹುಡುಗಿಯರನ್ನು ಒಬ್ಬೊಬ್ಬರಾಗಿ ನೋಡಿದರು, ಬೆವರಿದ ಮುಖ, ಬಿಚ್ಚಿದ ಜಡೆ, ಮಣ್ಣಾದ ಯೂನಿಫಾರ್ಮ್. ಆಮೇಲೆ ನನ್ನ ಕಡೆ ತಿರುಗಿದರು.

"ಮ್ಯಾಥ್ಸ್ ಟೀಚರಿಗೆ ನಾನು ಹೇಳ್ತೇನೆ, ಅವರು ಬೇರೆ ಪೀರಿಯಡ್ ಹುಡುಕ್ಲಿ. ಈ ಎರಡೂ ನಿಮ್ಮದೇ. ಪೇರೆಂಟ್ಸ್ ಕೇಳಿದ್ರೆ ನನ್ನ ಹತ್ತಿರ ಕಳಿಸಿ, ಉತ್ತರ ನಾನು ಕೊಡ್ತೇನೆ." ಕೊನೆಗೆ ಕೇಳಿದರು: "ಬೆಲ್ಲಿಗೆ ಇನ್ನೂ ಟೈಮ್ ಉಂಟಾ?"

"ಉಂಟು ಮೇಡಂ."

"ಹಾಗಾದ್ರೆ ಎಂತ ನೋಡ್ತಾ ಇದ್ದೀರಿ ಮಾರಾಯ್ರೆ? ಆಡಿಸಿ."

ನಾನು ವಿಸಿಲ್ ಊದಿದೆ. ಮೇಡಂ ಬಾಲನ್ನು ಹುಡುಗಿಯರ ಕಡೆ ಎಸೆದು, ವೃತ್ತದ ಒಳಗೇ ಎರಡೂ ಕೈ ಮೇಲೆತ್ತಿ ನಿಂತರು.